ಘಟ್ಟದ ಬುಡದ ಪರದೇಶಿ ಕೇರಿಗಳು

ಶೃಂಗೇರಿಯಿಂದ ಕಿಗ್ಗಕ್ಕೆ ಹೋಗಿ, ಋಷ್ಯಶೃಂಗ ದೇವರಿಗೆ ಕೈಮುಗಿದು, ಉಸಿರು ಕಟ್ಟಿಕೊಂಡು ನರಸಿಂಹ ಪರ್ವತ ಹತ್ತಿದರೆ ನೀರಿನ ಪಾಲುಪಟ್ಟಿ ಕಣ್ಣಿಗೇ ಕಾಣುತ್ತದೆ. ಮೂಡಣ ಮಗ್ಗುಲಿಗೆ ಬಿದ್ದ ಮಳೆ ತುಂಗೆಗೆ. ಅದು ದಿಕ್ಕು ತಿರುಗಿಸಿ, ಬಯಲು ಸುತ್ತಿ ಬಂಗಾಳ ಕೊಲ್ಲಿ ಸೇರಬೇಕು. ಪಡುವಣ ಮಗ್ಗುಲಿಗೆ ಬಿದ್ದದ್ದು ಸೀತಾನದಿಗೆ. ಆಗುಂಬೆಯ ಕಾಡು ಇಳಿದು, ಹೆಬ್ರಿ ದಾಟಿ, ಬಾರಕೂರಿನ ಪಕ್ಕದಲ್ಲಿ ಹಾದು ಅರಬ್ಬಿ ಸಮುದ್ರಕ್ಕೆ ಬೀಳುತ್ತದೆ. ಕೊಪ್ಪ, ಶೃಂಗೇರಿ ಸೀಮೆಯ ಮೆಣಸು, ಏಲಕ್ಕಿ, ಅಡಿಕೆಗಳು ಶತಮಾನಗಳ ಕಾಲ ಹಿಡಿದದ್ದು ಈ ಎರಡನೆಯ ದಾರಿಯನ್ನು. ಹೇರೆತ್ತಿನ ಬೆನ್ನೇರಿ ಘಟ್ಟ ಇಳಿದ ಸರಕು ಬಾರಕೂರು, ಬಸರೂರು, ಮಂಗಳೂರುಗಳಲ್ಲಿ ಹಡಗು ಹತ್ತುತ್ತಿತ್ತು. ಅದನ್ನು ಕೊಳ್ಳಲು ಸಮುದ್ರದಾಚೆಯಿಂದ ಬಂದವರು ಆ ಊರುಗಳಲ್ಲೇ ಬೀಡುಬಿಟ್ಟರು. ಹಾಗೆ ಹುಟ್ಟಿದ್ದು ಪರದೇಶಿ ಕೇರಿ.

ಬಂದರು ಪಟ್ಟಣದಲ್ಲಿ ಹೊರದೇಶದ ವರ್ತಕರು ತಮ್ಮ ಪೂಜೆಯ ಜಾಗ, ತಮ್ಮ ನ್ಯಾಯ, ತಮ್ಮ ಅಡುಗೆಮನೆಗಳೊಂದಿಗೆ ಒಂದೆಡೆ ಗುಂಪಾಗಿ ನೆಲೆಸಿದ ಭಾಗಕ್ಕೆ ಇಲ್ಲಿ ಈ ಹೆಸರು ಕೊಡಲಾಗಿದೆ. ಆಡುಮಾತಿನಲ್ಲಿ ‘ಪರದೇಶಿ’ ಎಂದರೆ ದಿಕ್ಕಿಲ್ಲದವನು. ಬಂದರಿನ ಪರದೇಶಿಗಳು ಮಾತ್ರ ಅರಸನೂ ಎದ್ದು ಮಾತಾಡಿಸುವಷ್ಟು ದುಡ್ಡುಳ್ಳವರಾಗಿದ್ದರು ಎಂಬುದು ಈ ಶಬ್ದದ ತಮಾಷೆ.

ಇಂಥ ಕೇರಿ ಇವತ್ತಿಗೂ ಎದ್ದು ಕಾಣುವ ಹಾಗೆ ಉಳಿದಿರುವುದು ಜಪಾನಿನ ಬಂದರುಗಳಲ್ಲಿ. ಯೊಕೊಹಾಮಾ, ಕೋಬೆ, ನಾಗಸಾಕಿ ಮೂರರಲ್ಲೂ ಚೀನೀಯರ ಕೇರಿಗಳಿವೆ. ನಾಗಸಾಕಿಯದು ಎಲ್ಲಕ್ಕಿಂತ ಹಳೆಯ ಕತೆ. ಜಪಾನು ಹೊರಜಗತ್ತಿಗೆ ಬಾಗಿಲು ಹಾಕಿಕೊಂಡಿದ್ದ ಕಾಲದಲ್ಲಿ ಡಚ್ಚರನ್ನು 1641ರಿಂದ ದೆಜಿಮಾ ಎಂಬ ಕೃತಕ ದ್ವೀಪದಲ್ಲಿ ಕೂಡಿಹಾಕಿದ್ದರು. ಚೀನೀ ವರ್ತಕರು ಮಾತ್ರ ಊರಿನ ಮನೆಗಳಲ್ಲೇ ಬಾಡಿಗೆಗೆ ಇರುತ್ತಿದ್ದರು. ಕಳ್ಳಸಾಗಣೆ ಹೆಚ್ಚಾಯಿತೆಂದು 1689ರಲ್ಲಿ ಅವರನ್ನೂ ಗೋಡೆ, ಕಂದಕ, ಎರಡೆರಡು ಬಾಗಿಲುಗಳಿದ್ದ ತೋಜಿನ್ ಯಶಿಕಿ ಎಂಬ ಆವರಣದೊಳಗೆ ಹಾಕಿದರು. ಸುಮಾರು 2,000 ಜನ ಹಿಡಿಸುವ ಜಾಗ ಅದು. ಅಧಿಕಾರಿಗಳಿಗೂ ಗಣಿಕೆಯರಿಗೂ ಬಿಟ್ಟರೆ ಊರಿನವರಿಗೆ ಒಳಗೆ ಪ್ರವೇಶವಿರಲಿಲ್ಲ.

ಯೊಕೊಹಾಮಾದ ಕತೆ ಬೇರೆ. 1859ರಲ್ಲಿ ಅದು ವಿದೇಶಿ ವ್ಯಾಪಾರಕ್ಕೆ ತೆರೆದಾಗ ಯುರೋಪಿನ ಕಂಪನಿಗಳು ಕ್ಯಾಂಟನ್, ಹಾಂಗ್‌ಕಾಂಗ್, ಶಾಂಘೈಗಳಿಂದ ಚೀನೀ ದಲ್ಲಾಳಿಗಳನ್ನು ಜೊತೆಗೆ ಕರೆತಂದವು. ಆಡುವ ಮಾತು ಬೇರೆಯಾದರೂ ಬರೆಯುವ ಅಕ್ಷರಗಳ ಮೂಲಕ ಚೀನೀಯನೂ ಜಪಾನಿಯೂ ವ್ಯವಹಾರ ಕುದುರಿಸಬಹುದಿತ್ತು. ರೇಷ್ಮೆ, ಚಹಾಗಳ ದರ ಕಾಗದದ ಮೇಲೆ ನಿಷ್ಕರ್ಷೆಯಾಗುತ್ತಿತ್ತು. 1899ರ ನಂತರ ಚೀನೀಯರು ಮಾಡಬಹುದಾದ ಕೆಲಸಗಳಿಗೆ ಕಟ್ಟುಪಾಡು ಬಿತ್ತು. ಆಗ ಅವರ ಕೈಗೆ ಉಳಿದದ್ದು ‘ಮೂರು ಅಲಗು’ ಎಂಬ ಮಾತು ಹುಟ್ಟಿತು: ಬಾಣಸಿಗನ ಚಾಕು, ದರ್ಜಿಯ ಕತ್ತರಿ, ಕ್ಷೌರಿಕನ ಕತ್ತಿ. 1923ರ ಭೂಕಂಪದಲ್ಲಿ ಕೇರಿ ನೆಲಕಚ್ಚಿತು, 1945ರ ಬಾಂಬಿಗೆ ಮತ್ತೆ ಸುಟ್ಟಿತು, ಎರಡೂ ಸಲ ಎದ್ದುಕೂತಿತು. ಮೊದಲಿನ ಅಲಗಿನ ಬಲದಿಂದ ಈಗ ಅದು ಊಟದ ಕೇರಿ. ಗದ್ದೆ ಬಯಲಿನ ಮೇಲೆ ಎದ್ದದ್ದರಿಂದ ಅದರ ಬೀದಿಗಳು ಸುತ್ತಲಿನ ಬೀದಿಗಳಿಗೆ ಓರೆಯಾಗಿವೆ. ಹತ್ತು ಬಣ್ಣದ ಹೆಬ್ಬಾಗಿಲುಗಳು ಒಳಬರುವವರಿಗೆ ದಾರಿ ತೋರಿಸುತ್ತವೆ. 1862ರಲ್ಲಿ ಮೊದಲು ಕಟ್ಟಿದ ಕಾಂತೇಬ್ಯೊ ಗುಡಿಯ ಈಗಿನ ರೂಪ 1990ರದು. ಅಲ್ಲಿಂದ ನಡೆದು ಹೋಗುವಷ್ಟು ದೂರದ ಯಮಶಿತಾ ಉದ್ಯಾನದಲ್ಲಿ, ಭೂಕಂಪದ ದಿನಗಳಲ್ಲಿ ಊರವರು ಮಾಡಿದ ಉಪಕಾರ ನೆನೆದು ಭಾರತೀಯ ವರ್ತಕರು ಕಟ್ಟಿಸಿಕೊಟ್ಟ ನೀರಿನ ಮಂಟಪವಿದೆ.

ಗೋಡೆ, ಬಾಗಿಲು, ಫಲಕ, ಊಟ. ಇಷ್ಟಿದ್ದರೆ ಪ್ರವಾಸಿಗೆ ಕೇರಿ ಸಿಗುತ್ತದೆ. ನಮ್ಮ ಕರಾವಳಿಗೆ ಬಂದು ಅದೇ ಗುರುತು ಹುಡುಕಿದರೆ ಏನೂ ಸಿಗುವುದಿಲ್ಲ.

ಗುರುತು ಉಳಿಯದಿದ್ದರೂ ಪರದೇಶಿಗಳು ಇಲ್ಲಿ ನಿಂತದ್ದಂತೂ ನಿಜ. ಏಕೆ? ಗಾಳಿಯ ಕಾರಣಕ್ಕೆ, ಮೆಣಸಿನ ಕಾರಣಕ್ಕೆ. ಜೂನ್‌ನಲ್ಲಿ ಹಿಡಿದ ಮಳೆಗಾಲದಲ್ಲಿ ಪಡುವಣ ಕಡಲಿಗೆ ಹಡಗು ಇಳಿಸುವುದು ಸಾಧ್ಯವಿಲ್ಲದ ಮಾತು. ಗಾಳಿಯ ಆರ್ಭಟ ಇಳಿಯುತ್ತಿದ್ದಂತೆ ಏಡನ್, ಹೊರ್ಮುಜ್ ಕಡೆಯ ಹಡಗುಗಳು ಇತ್ತ ಬರುತ್ತಿದ್ದವು. ಈಶಾನ್ಯದ ಗಾಳಿ ಬೀಸುವಾಗ ತಿರುಗಿ ಹೋಗಬೇಕಿತ್ತು. ಘಟ್ಟದ ಮೇಲೆ ಮೆಣಸು ಕೊಯ್ಲಿಗೆ ಬರುವುದು ಡಿಸೆಂಬರಿನಿಂದ ಮಾರ್ಚ್ ಒಳಗೆ. ಕೊಪ್ಪದ ಯಾವುದೇ ತೋಟದ ಮನೆಯಲ್ಲಿ ಈಗಲೂ ನೋಡಬಹುದಾದ ಕೆಲಸ ಅದು: ಬಳ್ಳಿಗೆ ಏಣಿ ಹಾಕಿ ಕರೆ ಬಿಡಿಸುವುದು, ರಾಶಿ ಹಾಕಿ ತುಳಿದು ಕಾಳು ಉದುರಿಸುವುದು, ಸಗಣಿ ಸಾರಿಸಿದ ಅಂಗಳದಲ್ಲೋ ಸಿಮೆಂಟಿನ ಕಣದಲ್ಲೋ ಹರವುವುದು. ಬೆಳಿಗ್ಗೆ ಹಸಿರಾಗಿದ್ದದ್ದು ನಾಲ್ಕೈದು ಬಿಸಿಲಿಗೆ ಸುಕ್ಕುಗಟ್ಟಿ ಕಪ್ಪಾಗುತ್ತದೆ. ಕೈಯಲ್ಲಿ ಹಿಡಿದು ಕುಲುಕಿದರೆ ಜಲ್ಲಿಯಂತೆ ಸದ್ದು. ಇಷ್ಟಾದ ಮೇಲೆ ಗೋಣಿ, ಎತ್ತು, ಘಾಟಿ, ದೋಣಿ. ಕಾಳು ಒಣಗುವ ಹೊತ್ತಿಗೂ ಗಾಳಿ ತಿರುಗುವ ಹೊತ್ತಿಗೂ ಯಾವಾಗಲೂ ತಾಳ ಕೂಡುತ್ತಿರಲಿಲ್ಲ. ಸರಕು ಕಾಯುವವನು ಬಂದರಿನಲ್ಲಿ ತಿಂಗಳುಗಟ್ಟಲೆ ಕೂರಬೇಕು. ಒಂದು ಗಾಳಿ ತಪ್ಪಿದರೆ ಒಂದು ವರ್ಷ. ಕೂತವನಿಗೆ ಮನೆ ಬೇಕು, ಮನೆಗೆ ಅಡುಗೆ ಬೇಕು, ಸತ್ತರೆ ಮಣ್ಣು ಬೇಕು.

ಹಾಗೆ ಕೂತವರಲ್ಲಿ ಹೆಸರು, ಮನೆವಾರ್ತೆ ಸಮೇತ ನಮಗೆ ಸಿಕ್ಕಿರುವ ಒಬ್ಬ, ಅಬ್ರಹಾಂ ಬೆನ್ ಯಿಜು. ಈಗಿನ ಟುನೀಸಿಯಾ ಕಡೆಯ ಯಹೂದಿ ವರ್ತಕ. 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. ಹದಿನೇಳು ವರ್ಷಗಳ ನಂತರ, 1149ರಲ್ಲಿ, ಏಡನ್ನಿಗೆ ಮರಳಿದ. ಅವನ ಕಾಗದಪತ್ರಗಳು ಕೈರೋದ ಬೆನ್ ಎಜ್ರಾ ಸಿನಗಾಗಿನ ಕೋಣೆಯೊಂದರಲ್ಲಿ ಶತಮಾನಗಳ ಕಾಲ ಬಿದ್ದಿದ್ದವು. ದೇವರ ಹೆಸರು ಬರೆದ ಕಾಗದವನ್ನು ಎಸೆಯಬಾರದೆಂಬ ಯಹೂದಿ ಮಡಿವಂತಿಕೆ ಕನ್ನಡ ಕರಾವಳಿಯ ಚರಿತ್ರೆಯನ್ನು ಕಾಪಾಡಿತು! ಅವನು ಮಂಗಳೂರಿನಲ್ಲಿ ಕಂಚು, ಹಿತ್ತಾಳೆಯ ಕಾರ್ಖಾನೆ ಇಟ್ಟಿದ್ದ. ಏಡನ್ನಿನ ಗೆಳೆಯರು ಒಡೆದ ಪಾತ್ರೆ, ತಾಮ್ರ ಕಳಿಸಿ ಹೊಸ ಪಾತ್ರೆ ಮಾಡಿಸಿಕೊಳ್ಳುತ್ತಿದ್ದರು. ಇತ್ತಣಿಂದ ಮೆಣಸು, ಏಲಕ್ಕಿ, ಕಬ್ಬಿಣ, ಅಡಿಕೆ ಹೋಗುತ್ತಿತ್ತು. ಅತ್ತಣಿಂದ ಸಕ್ಕರೆ, ಒಣದ್ರಾಕ್ಷಿ ಬರುತ್ತಿದ್ದವು; ಇಲ್ಲಿ ಕಾಗದ ಸಿಗುವುದಿಲ್ಲವೆಂದು ಬರೆಯುವ ಕಾಗದವನ್ನೂ ಕಳಿಸುತ್ತಿದ್ದರು.

ಅಡಿಕೆ ಬೆಳೆಗಾರರಿಗೂ ಮಂಡಿಯವರಿಗೂ ಇಷ್ಟವಾಗುವ ಸಂಗತಿಯೊಂದು ಆ ಪತ್ರಗಳಲ್ಲಿದೆ. ಏಲಕ್ಕಿ ಕೊಡುತ್ತೇನೆಂದು ಸ್ಥಳೀಯನೊಬ್ಬ ಬೆನ್ ಯಿಜುವಿನಿಂದ ಮುಂಗಡ ತೆಗೆದುಕೊಂಡು ಕೈಯೆತ್ತಿಬಿಟ್ಟ. ಆ ಹಣದಲ್ಲಿ ಏಡನ್ನಿನವರ ಪಾಲೂ ಇತ್ತು. ನಷ್ಟ ಯಾರ ಲೆಕ್ಕಕ್ಕೆ ಎಂಬ ಜಗಳ ಸಮುದ್ರದ ಆಚೆ ಈಚೆ ವರ್ಷಗಟ್ಟಲೆ ನಡೆಯಿತು. ಮುಂಗಡದ ಸುಖದುಃಖ ಮಲೆನಾಡಿಗೆ ಹೊಸದೇನಲ್ಲ. ಒಂಬೈನೂರು ವರ್ಷದ ಹಿಂದೆಯೂ ಹೀಗೇ ಇತ್ತು ಎಂಬುದಕ್ಕೆ ಬರಹದ ಸಾಕ್ಷಿ ಸಿಕ್ಕಿರುವುದು ವಿಶೇಷ.

ಬೆನ್ ಯಿಜು ಆಶು ಎಂಬ ದಾಸಿಯನ್ನು 1132ರ ಅಕ್ಟೋಬರಿನಲ್ಲಿ ಪತ್ರ ಬರೆದು ಬಿಡುಗಡೆ ಮಾಡಿದ; ಅವಳನ್ನೇ ಮದುವೆಯಾದನೆಂಬುದು ವಿದ್ವಾಂಸರ ಊಹೆ. ಅವನ ಪರವಾಗಿ ಏಡನ್ನಿಗೆ ಸರಕು ಒಯ್ಯುತ್ತಿದ್ದ ಸೇವಕನ ಹೆಸರು ಬೊಮ್ಮ. ಏಡನ್ನಿನ ಶ್ರೀಮಂತ ವರ್ತಕರು ಪತ್ರದ ಕೊನೆಯಲ್ಲಿ ಬೊಮ್ಮನಿಗೂ ಕ್ಷೇಮ ಕೇಳುತ್ತಿದ್ದರು. ಅರಬ್ಬಿ ಮಾತನ್ನು ಹೀಬ್ರೂ ಲಿಪಿಯಲ್ಲಿ ಬರೆದ ಆ ಕಾಗದಗಳಲ್ಲಿ ಮೂರು ವ್ಯಂಜನಗಳಾಗಿ ಕೂತಿದ್ದ ಹೆಸರನ್ನು ಬೊಮ್ಮ ಎಂದು ಓದಲು ಲೇಖಕ ಅಮಿತಾವ್ ಘೋಷ್‌ಗೆ ದಾರಿ ತೋರಿದವರು ವಿದ್ವಾಂಸ ಬಿ.ಎ. ವಿವೇಕ ರೈ. 1992ರಲ್ಲಿ ಬಂದ ‘ಇನ್ ಆ್ಯನ್ ಆಂಟಿಕ್ ಲ್ಯಾಂಡ್’ ಕೃತಿಯಲ್ಲಿ ಈ ಶೋಧದ ಕತೆಯಿದೆ. ಶೃಂಗೇರಿಯ ಹಳೆಯ ಕಡತಗಳನ್ನು ಬಲ್ಲವರೂ ಮಂಗಳೂರಿನ ಈ ಕಡತವನ್ನು ಬಲ್ಲವರೂ ಒಂದೇ ಪಂಕ್ತಿಯಲ್ಲಿ ಕೂತು ಮಾತಾಡಿದರೆ ಹೊಸದೇನಾದರೂ ಹೊರಬಂದೀತು.

ಯಾತ್ರಿಕ ಇಬ್ನ್ ಬತೂತಾ ಇದೇ ಕರಾವಳಿ ಹಿಡಿದು 1342ರ ಸುಮಾರಿಗೆ ತೆಂಕಣಕ್ಕೆ ಹೋದ. ಅವನ ಕಣ್ಣು ಪ್ರವಾಸಿಯದು, ಬೆನ್ ಯಿಜುವಿನದು ಗೃಹಸ್ಥನದು. ಹಾಗಾಗಿ ಬೀದಿಯ ನೋಟ ಇಬ್ನ್ ಬತೂತಾನಲ್ಲೇ ಹೆಚ್ಚು. ಹೊನ್ನಾವರದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವು ಎಂದು ಎಣಿಸಿ ಬರೆದಿದ್ದಾನೆ. ಅವನು ಫಾಕನೂರು ಎಂದು ಕರೆದ ಬಾರಕೂರಿನಲ್ಲಿ ಅರಸ ಹಿಂದೂ, ಅವನ ಯುದ್ಧದ ಹಡಗುಗಳ ನಾಯಕ ಮುಸಲ್ಮಾನ. ದಾಟಿಹೋಗುವ ಹಡಗು ನಿಂತು ‘ಬಂದರಿನ ಹಕ್ಕು’ ಕಟ್ಟಲೇಬೇಕು; ಕಟ್ಟದಿದ್ದರೆ ಬೆನ್ನಟ್ಟಿ ಹಿಡಿಯುತ್ತಿದ್ದರು. ಮಂಗಳೂರಿನಲ್ಲಿ ಫಾರ್ಸ್ ಮತ್ತು ಯೆಮೆನ್ ವರ್ತಕರು ಇಳಿಯುತ್ತಿದ್ದರು, ಮೆಣಸು ಶುಂಠಿ ಯಥೇಚ್ಛ, ಊರ ಪಕ್ಕದ ಪೇಟೆಯಲ್ಲಿ ಸುಮಾರು 4,000 ಮುಸಲ್ಮಾನರು. ಅವರಿಗೂ ಊರವರಿಗೂ ಆಗಾಗ ಕಾಳಗ. ವರ್ತಕರಿಲ್ಲದೆ ಬೊಕ್ಕಸ ನಡೆಯದೆಂದು ಬಲ್ಲ ಅರಸ ನಡುವೆ ನಿಂತು ರಾಜಿ ಮಾಡಿಸುತ್ತಿದ್ದ. ಕರಾವಳಿಯ ಸಹಬಾಳ್ವೆಯನ್ನು ಬರೀ ಜೇನಿನಲ್ಲಿ ಅದ್ದಿ ಹೇಳುವವರೂ ಬರೀ ಕತ್ತಿಯಲ್ಲಿ ಕೊರೆದು ಹೇಳುವವರೂ ಇಬ್ನ್ ಬತೂತಾನ ಈ ಪುಟವನ್ನು ಪೂರ್ತಿ ಓದುವುದು ಒಳ್ಳೆಯದು.

ಅವನು ಹಾದುಹೋದ ನಾಲ್ಕೇ ವರ್ಷಕ್ಕೆ, 1346ರಲ್ಲಿ, ಘಟ್ಟದ ಮೇಲೆ ಇನ್ನೊಂದು ದೃಶ್ಯ. ವಿಜಯನಗರದ ಹರಿಹರ ತಮ್ಮಂದಿರೊಡನೆ ಶೃಂಗೇರಿಗೆ ಬಂದು ಮಠದ ಅಂದಿನ ಗುರು ಭಾರತೀತೀರ್ಥರಿಗೂ ಶಿಷ್ಯರಿಗೂ ಭೂಮಿ ಬಿಟ್ಟ. ಮೂಡಣ ಸಮುದ್ರದಿಂದ ಪಡುವಣ ಸಮುದ್ರದವರೆಗಿನ ಗೆಲುವಿನ ಉತ್ಸವ ಅದು ಎಂದು ಶಾಸನ ಸಾರುತ್ತದೆ. ಪಡುವಣ ಸಮುದ್ರ ಎಂದದ್ದು ಬರೀ ಅಲಂಕಾರವಲ್ಲ. ಬಾರಕೂರು, ಮಂಗಳೂರು ಎರಡೂ ವಿಜಯನಗರದ ರಾಜ್ಯಗಳಾಗಿ ಗೊತ್ತಾದವು; ‘ಬಾರಕೂರು ಗದ್ಯಾಣ’ ಲೆಕ್ಕದ ನಾಣ್ಯವಾಗಿ ಶಾಸನಗಳಲ್ಲಿ ಚಲಾವಣೆಗೆ ಬಂತು. ಕಡಲ ಕಡೆಯಿಂದ ಬರುವ ಕುದುರೆಗೆ ಘಟ್ಟದ ಕಡೆಯಿಂದ ಇಳಿಯುವ ಮೆಣಸು ಉತ್ತರ.

ಈ ಕಾಲದ ಕರಾವಳಿ ಶಾಸನಗಳಲ್ಲೇ ಪರದೇಶಿ ಕೇರಿಗೆ ಕನ್ನಡ ಕೊಟ್ಟ ಹೆಸರು ಸಿಗುವುದು: ಹಂಜಮಾನ. ‘ನಖರ’ವೆಂದರೆ ಊರಿನ ಶೆಟ್ಟರ ಕೂಟ, ಅದರ ಜೊತೆಜೊತೆಗೇ ಬರುವ ‘ಹಂಜಮಾನ’ ಹೊರದೇಶದ, ಹೆಚ್ಚಾಗಿ ಮುಸಲ್ಮಾನ, ವರ್ತಕರ ಕೂಟ. ಪಾರಸಿಯ ‘ಅಂಜುಮನ್’ ಇದರ ಮೂಲವೆಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಕೇರಳದಲ್ಲಿ ಇದೇ ಶಬ್ದ ‘ಅಂಜುವಣ್ಣಂ’ ಆಗಿ 849ರ ಕೊಲ್ಲಂ ತಾಮ್ರಪಟದಲ್ಲೇ ಕಾಣುತ್ತದೆ. ಊರಿನ ವ್ಯವಹಾರಕ್ಕೆ ಸಾಕ್ಷಿ ಹಾಕುವಾಗ ಶೆಟ್ಟರ ಪಕ್ಕದಲ್ಲಿ ಹಂಜಮಾನಕ್ಕೂ ಜಾಗವಿತ್ತು. ನಾಗಸಾಕಿಯವರು ಪರದೇಶಿಗೆ ಗೋಡೆ ಕಟ್ಟಿದರು. ಬಾರಕೂರಿನವರು ಪಂಚಾಯಿತಿಯಲ್ಲಿ ಕೂರಿಸಿಕೊಂಡರು. ಎರಡೂ ಕಡೆ ಉದ್ದೇಶ ಒಂದೇ, ಸುಂಕ ಕೈತಪ್ಪಬಾರದು.

ಬಾರಕೂರಿನಲ್ಲಿ ಕೇರಿಗಳಿಗೆ ಬರವಿಲ್ಲ. ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ, ಭಂಡಾರಕೇರಿ, ರಂಗನಕೇರಿ ಎಂದು ಹೆಸರು ಹೇಳುತ್ತಾ ಹೋದರೆ ಹಳೆಯ ಪಟ್ಟಣದ ನಕ್ಷೆಯೇ ಮೂಡುತ್ತದೆ. ಈಗ ಅಲ್ಲಿ ಗದ್ದೆ, ತೆಂಗಿನ ತೋಟ, ನಡುವೆ ಕತ್ತಲೆ ಬಸದಿಯ ಕಂಬಗಳು. ಬಸರೂರಿನ ಶೆಟ್ಟರು ಮೂಡುಕೇರಿ, ಪಡುವಕೇರಿ ಎಂದು ಎರಡು ಕೂಟವಾಗಿ ಅಕ್ಕಿ ವ್ಯಾಪಾರವನ್ನು ಆಳಿದರು. ಬಸರೂರಿನ ಅಕ್ಕಿ ಗೋವೆ, ಮಸ್ಕತ್, ಹೊರ್ಮುಜ್‌ಗಳ ಹೊಟ್ಟೆ ತುಂಬಿಸುತ್ತಿತ್ತು. ಪೋರ್ಚುಗೀಸರು 1569ರ ಹೊತ್ತಿಗೆ ಬಂದು ಕೋಟೆ ಹಾಕಿದರು, 1665ರಲ್ಲಿ ಶಿವಾಜಿ ಕಡಲ ಮೇಲಿಂದ ಬಂದು ಕೊಳ್ಳೆ ಹೊಡೆದ, ಕೆಳದಿಯ ನಾಯಕರು ಒಪ್ಪಂದದ ಮೇಲೆ ಒಪ್ಪಂದ ಮಾಡಿದರು. ಇಲ್ಲಿಂದ ಮುಂದಿನದು ಫಿರಂಗಿಯ ಕತೆ. ಕೇರಿಯ ಕತೆ ಸೊರಗುತ್ತದೆ.

ಚೀನೀಯರ ಕೇರಿ ನಮ್ಮಲ್ಲಿ ಇತ್ತೇ? ಕನ್ನಡ ಕರಾವಳಿಯಲ್ಲಿ ಅದಕ್ಕೆ ಪುರಾವೆಯಿಲ್ಲ, ಕಾರಣವನ್ನು ಇಬ್ನ್ ಬತೂತಾನೇ ಕೊಟ್ಟಿದ್ದಾನೆ: ಚೀನೀ ಹಡಗುಗಳು ಬರುತ್ತಿದ್ದದ್ದು ಕೇರಳ ತೀರದ ಏಳಿಮಲೆ, ಕಲ್ಲಿಕೋಟೆ, ಕೊಲ್ಲಂಗಳಿಗೆ ಮಾತ್ರ. ಕಲ್ಲಿಕೋಟೆಯಲ್ಲಿ ಒಮ್ಮೆಗೇ ಹದಿಮೂರು ಚೀನೀ ಹಡಗು ನಿಂತದ್ದನ್ನು ಅವನು ಕಂಡ. ಏಳಿಮಲೆ ಮಂಗಳೂರಿಗೆ ದೂರವೇನಲ್ಲ, ಆದರೂ ಅಲ್ಲಿಂದ ಬಡಗಣಕ್ಕೆ ಚೀನೀ ಸರಕು ಬೇರೆಯವರ ದೋಣಿಯಲ್ಲಿ ಬರಬೇಕಿತ್ತು. ಜನ ಬರದಿದ್ದರೂ ಹೆಸರು ಬಂತು. ಮಲೆನಾಡಿನ, ಕರಾವಳಿಯ ಎಷ್ಟೋ ಮನೆಗಳಲ್ಲಿ ಸಿಹಿಗುಂಬಳಕ್ಕೆ ಇವತ್ತಿಗೂ ಚೀನಿಕಾಯಿ ಎನ್ನುತ್ತಾರೆ. ಅದರ ಹುಟ್ಟೂರು ಅಮೆರಿಕ! ಹಡಗಿನಿಂದ ಇಳಿದ ಹೊಸದೆಲ್ಲವೂ ಚೀನಾದ್ದೇ ಇರಬೇಕು ಎಂದು ಯಾವುದೋ ಬಂದರಿನ ಕಟ್ಟೆಯಲ್ಲಿ ತೀರ್ಮಾನವಾಗಿರಬೇಕು.

ಇನ್ನು ಮಂಗಳೂರಿನ ಬಂದರು ಕೇರಿ. ಊರವರು ಅದನ್ನು ‘ಬಂದರ್’ ಎಂದಷ್ಟೇ ಕರೆಯುವುದು, ಈ ಮಾತೂ ಪಾರಸಿಯದೇ. ನೇತ್ರಾವತಿ, ಗುರುಪುರ ನದಿಗಳು ಕೂಡುವಲ್ಲಿನ ಹಳೆಯ ಬಂದರಿಗೆ ತಾಗಿಕೊಂಡ ಇಕ್ಕಟ್ಟಿನ ಬೀದಿಗಳಲ್ಲಿ ಸಗಟು ಅಂಗಡಿ, ಗೋದಾಮು, ಮಂಡಿಗಳು ಒತ್ತೊತ್ತಾಗಿ ಕೂತಿವೆ. ಬೆಳಿಗ್ಗೆ ಲಾರಿ ಹಿಂದೆ ಮುಂದೆ ಮಾಡುವ ಗದ್ದಲ, ಗೋಣಿಯ ವಾಸನೆ, ದಕ್ಕೆಯ ಕಡೆಯಿಂದ ಮೀನಿನ ಗಾಳಿ. ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಕನ್ನಡಗಳಲ್ಲಿ ಒಂದೇ ವ್ಯಾಪಾರ ಮುಗಿಯುತ್ತದೆ. ಝೀನತ್ ಬಕ್ಷ್ ಮಸೀದಿ ಇರುವುದು ಇಲ್ಲೇ. ಇಸ್ಲಾಂ ಪ್ರಚಾರಕ ಮಾಲಿಕ್ ದೀನಾರ್ ಪರಂಪರೆಯವರು 7ನೇ ಶತಮಾನದಲ್ಲಿ ಕಟ್ಟಿದ ಮಸೀದಿಗಳಲ್ಲಿ ಬಾರಕೂರು, ಮಂಗಳೂರು, ಕಾಸರಗೋಡಿನವೂ ಸೇರಿವೆ ಎಂಬುದು ಐತಿಹ್ಯ. ಮಂಗಳೂರಿನದನ್ನು ಟಿಪ್ಪು ಸುಲ್ತಾನ್ 1784ರಲ್ಲಿ ನವೀಕರಿಸಿ ಮಗಳ ಹೆಸರಿಟ್ಟ ಎನ್ನುತ್ತಾರೆ. ಒಳಗಿನ ಕೆತ್ತನೆಯ ಮರದ ಕಂಬಗಳನ್ನು ಕಂಡವರಿಗೆ ಘಟ್ಟದ ಮೇಲಿನ ಮನೆಗಳ ಪಡಸಾಲೆ ನೆನಪಾಗದೆ ಇರದು.

ಇದನ್ನು ಪರದೇಶಿ ಕೇರಿ ಎನ್ನಲು ಬಾಯಿ ಬರುವುದಿಲ್ಲ, ಏಕೆಂದರೆ ಪರದೇಶಿಗಳು ಇಲ್ಲಿ ಉಳಿದಿಲ್ಲ. ಭಟ್ಕಳದ ನವಾಯತರು, ಮಂಗಳೂರಿನ ಬ್ಯಾರಿಗಳು ಕಡಲ ವ್ಯಾಪಾರದ ಸಂತಾನವೇ ಆದರೂ ಅವರ ಮನೆಮಾತು ಕೊಂಕಣಿಯ, ಮಲಯಾಳ ತುಳುಗಳ ನೆಂಟಸ್ತಿಕೆಯದು. ಯೊಕೊಹಾಮಾ ತನ್ನ ಚೀನೀ ಕೇರಿಯನ್ನು ಅಲಂಕರಿಸಿ ಇಟ್ಟುಕೊಂಡಿತು. ಕನ್ನಡ ಕರಾವಳಿ ಹಂಜಮಾನವನ್ನು ಜೀರ್ಣಿಸಿಕೊಂಡಿತು. ಪ್ರವಾಸೋದ್ಯಮದ ಲೆಕ್ಕದಲ್ಲಿ ಯೊಕೊಹಾಮಾ ಗೆದ್ದಿದೆ. ಬಾಳುವೆಯ ಲೆಕ್ಕದಲ್ಲಿ ಗೆದ್ದವರು ಕರಾವಳಿಯವರು.

ಘಟ್ಟದ ದಾರಿ ಇಳಿಯುವವರದಷ್ಟೇ ಆಗಿರಲಿಲ್ಲ. ಒಣಮೀನು, ಉಪ್ಪು ಹೊತ್ತ ಬ್ಯಾರಿಗಳು ಹತ್ತಿ ಬಂದರು. ಅಡಿಕೆ ತೋಟದ ಕೆಲಸಕ್ಕೆ ಆಳುಗಳನ್ನು ಕಟ್ಟಿಕೊಂಡು ಸೇರೆಗಾರರು ಬಂದರು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ ಎರಡು ಕಾದಂಬರಿಗಳಲ್ಲೂ ‘ಘಟ್ಟದ ಕೆಳಗಿನವರು’ ಒಂದು ಪ್ರತ್ಯೇಕ ಲೋಕ. ನರಸಿಂಹರಾಜಪುರದ ಕತೆಯಲ್ಲಿ ಇದರ ಇನ್ನೊಂದು ತಿರುವಿದೆ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಬರುವ ಮೊದಲು ಅದು ಎಡೇಹಳ್ಳಿ. ತರೀಕೆರೆಯಿಂದ ಅಲ್ಲಿಗೆ ಪುಟ್ಟ ಟ್ರಾಮ್ ರೈಲು ಓಡುತ್ತಿದ್ದ ಕಾಲದಲ್ಲಿ ಊರಿನ ಮುಖ ಬಯಲಿನ ಕಡೆಗಿತ್ತು. ಆಮೇಲೆ ಕೇರಳದ ಕ್ರೈಸ್ತ ಕುಟುಂಬಗಳು ಬಂದು ಕಾಡಂಚಿನಲ್ಲಿ ರಬ್ಬರ್, ಮೆಣಸು ಹಾಕಿದವು. ಜ್ವಾಲಾಮಾಲಿನಿಯ ಸಿಂಹನಗದ್ದೆ ಬಸದಿಯಿರುವ ಊರಿನಲ್ಲಿ ಈಗ ಸುರಿಯಾನಿ ಪರಂಪರೆಯ ಪ್ರಾರ್ಥನೆಯೂ ಕೇಳುತ್ತದೆ. ಕಡಲೇ ಕಾಣದ ಊರಿಗೂ ಒಂದು ಮಲಯಾಳಿ ಕೇರಿ ದಕ್ಕಿತು.

ಜಪಾನಿನೊಡನೆ ಈ ಬೆಟ್ಟಸಾಲಿಗೆ ಕೊನೆಗೂ ನೇರ ಸಂಬಂಧ ಕುದುರಿತು, ಮೆಣಸಿನಿಂದಲ್ಲ, ಮಣ್ಣಿನಿಂದ. 1976ರಲ್ಲಿ ಹುಟ್ಟಿದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಶೃಂಗೇರಿಯ ತೆಂಕಣ ಬೆಟ್ಟಗಳನ್ನು ಅಗೆದು, ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ 67 ಕಿ.ಮೀ. ಕೊಳವೆಯಲ್ಲಿ ಪಣಂಬೂರಿಗೆ ಹರಿಸಿತು. ಅಲ್ಲಿನ ನವ ಮಂಗಳೂರು ಬಂದರಿನಿಂದ ಜಪಾನ್, ಚೀನಾಗಳಿಗೆ ಹಡಗು ಹೋದವು. 2005ರ ಕೊನೆಗೆ ಗಣಿ ನಿಂತಿತು. ಹಡಗಿನವರು ಯಾರೂ ಇಲ್ಲಿ ಕೇರಿ ಕಟ್ಟಲಿಲ್ಲ. ಯಂತ್ರ ಕೆಲವೇ ದಿನದಲ್ಲಿ ಹೊಟ್ಟೆ ತುಂಬಿಸಿ ಕಳಿಸುವ ಹಡಗಿಗೆ ಗಾಳಿ ಕಾಯುವ ಹಂಗಿಲ್ಲ.

ನೋಡಲು ಹೊರಡುವವರಿಗೆ ದಾರಿ ಸುಲಭ. ರಾಷ್ಟ್ರೀಯ ಹೆದ್ದಾರಿ 169 ಕೊಪ್ಪ, ಶೃಂಗೇರಿ, ಕೆರೆಕಟ್ಟೆ, ಮಾಳ, ಕಾರ್ಕಳಗಳ ಮೇಲೆ ಮಂಗಳೂರಿಗೆ ಇಳಿಸುತ್ತದೆ. ಆಗುಂಬೆಯ ತಿರುವುಗಳಲ್ಲಿ ಇಳಿದರೆ ಹೆಬ್ರಿ, ಅಲ್ಲಿಂದ ಬ್ರಹ್ಮಾವರದ ಬಳಿಯ ಬಾರಕೂರು ಹತ್ತಿರ. ಬಂದರ್ ನೋಡಬೇಕಾದರೆ ಬೆಳಿಗ್ಗೆಯೇ ಹೋಗಬೇಕು, ಮಳೆಗಾಲ ಬಿಟ್ಟು ಹೋಗಬೇಕು. ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮರದ ಮಂಜಿಗಳು ಹಳೆಯ ಬಂದರಿನಲ್ಲಿ ಈಗಲೂ ಲಂಗರು ಹಾಕುತ್ತವೆ. ಇಂಜಿನ್ ಬಂದರೂ ಅವುಗಳ ಪಂಚಾಂಗ ಬದಲಾಗಿಲ್ಲ: ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಓಡಾಟ ಬಂದ್.